ಬಾಯೋರ ಗಂಡನ ಎರಡು ಚೈನು

ಪಾಂಡಣ್ಣ ಕೂತಲ್ಲಿ ಕೂತಿರುವವರಲ್ಲ. ಅವರು ಕೂತರೂ ಅವರ ಬಲಗಾಲು ಕೂರುತ್ತಿರಲಿಲ್ಲ. ನಮ್ಮ ಜಗಲಿಯ ಬೆಂಚಿನ ಮೇಲೆ ಕೂತು ಎರಡು ಮಾತಾಡುವಷ್ಟರಲ್ಲಿ ಮೊಣಕಾಲು ತನ್ನಷ್ಟಕ್ಕೆ ಕುಣಿಯಲು ಶುರುವಾಗಿ, ಬೆಂಚಿನ ಆಚೆ ತುದಿಯಲ್ಲಿಟ್ಟ ಚಹದ ಕಪ್ಪು ಬಸಿಯ ಮೇಲೆ ಕಿಣಿಕಿಣಿ ಎನ್ನುತ್ತಿತ್ತು. ನನ್ನ ಅತ್ತೆ ಅಡುಗೆಮನೆಯಿಂದಲೇ, "ಪಾಂಡು ಬಂದ ಕಾಣ್ತದೆ, ಕಪ್ಪು ಕುಣೀತಾ ಅದೆ" ಅನ್ನುತ್ತಿದ್ದರು. ಆ ಚಹವನ್ನಾದರೂ ಅವರು ಪೂರ್ತಿ ಕುಡಿದು ಎದ್ದದ್ದು ನನಗೆ ನೆನಪಿಲ್ಲ. ಅರ್ಧ ಕುಡಿದು, "ಆತು, ಬತ್ತೆ" ಎಂದು ಅಂಗಳ ದಾಟಿರುತ್ತಿದ್ದರು.

ನಾನು ಮದುವೆಯಾಗಿ ಮಂಕಿಯಿಂದ ಹೊನ್ನಾವರಕ್ಕೆ ಬಂದಾಗ ನಮ್ಮ ಮನೆಗೂ ಅವರ ಮನೆಗೂ ಇದ್ದದ್ದು ಒಂದೇ ಬಾವಿ. ಅವರ ಹೆಂಡತಿ ಶಾಂತಕ್ಕ ಸರಕಾರಿ ದವಾಖಾನೆಯಲ್ಲಿ ಹೆರಿಗೆ ಮಾಡಿಸುವ ನರ್ಸು. ಮುಂಬೈ ಸರಕಾರದ ಕಾಲದಿಂದ ನಮ್ಮ ಕಡೆ ನರ್ಸಿಗೆ ಬಾಯಿ ಎಂದೇ ಹೆಸರು, ಹಾಗಾಗಿ ಶಾಂತಕ್ಕ ಊರಿಗೆಲ್ಲ ಬಾಯೋರು. ಪಾಂಡಣ್ಣನಿಗೆ ಸ್ವಂತ ಹೆಸರೇ ಉಳಿದಿರಲಿಲ್ಲ. ಬಾಯೋರ ಗಂಡ ಅಂದರೆ ಸಾಕು, ಹಳದೀಪುರದಿಂದ ಹಿಡಿದು ಹೊಳೆಯಾಚೆಯ ಕಾಸರಕೋಡಿನವರೆಗೆ ಎಲ್ಲರಿಗೂ ಗೊತ್ತು. ಯಾರಾದರೂ ಚೇಷ್ಟೆ ಮಾಡಿದರೆ, "ಗಂಡ ಎಂತದ ಮಾರಾಯಾ, ನಾ ಬಾಯೋರ ಕುದುರೆ" ಎಂದು ಅವರೇ ಮೊದಲು ನಗುತ್ತಿದ್ದರು.

ಕುದುರೆಯಾಗುವ ಮೊದಲು ಅವರು ಏನೇನೋ ಆಗಿದ್ದರು. ಮುಂಬೈ ಬಂದರಿನಲ್ಲಿ ಕೆಲಸ ಮಾಡಿ ಬಿಟ್ಟಿದ್ದರು, ಕುಮಟಾ ಕಡೆಯ ಉಪ್ಪಿನ ಆಗರದಲ್ಲಿ ಮೇಸ್ತ್ರಿಯಾಗಿ ಬಿಟ್ಟಿದ್ದರು, ಹೆಂಚಿನ ಕಾರ್ಖಾನೆಯಲ್ಲಿ ಒಂದು ಮಳೆಗಾಲ ಕಳೆಯುವುದರೊಳಗೆ ಬಿಟ್ಟಿದ್ದರು. ಯಾರೂ ಅವರನ್ನು ಕೆಲಸದಿಂದ ತೆಗೆದದ್ದಲ್ಲ. ಒಂದು ದಿನ ಬೆಳಿಗ್ಗೆ ಎದ್ದರೆ ಆ ಜಾಗ ಅವರಿಗೆ ಮೈಗೆ ಹತ್ತದ ಅಂಗಿಯಂತೆ ಆಗುತ್ತಿತ್ತಂತೆ. ಕೊನೆಗೆ ಮುಂಬೈಯ ಹಳೆಯ ಸ್ನೇಹಿತನೊಬ್ಬನ ಮೂಲಕ ಮಿಲಿಟರಿಯವರು ಬಳಸಿ ಬಿಟ್ಟ ಒಂದು ಮೋಟಾರ್‌ಸೈಕಲ್ಲು ಅವರ ಕೈಗೆ ಬಂತು. ನಮ್ಮ ಓಣಿಯ ಬಾಯಲ್ಲಿ ಅದು ಫಟಫಟಿ. ಅಲ್ಲಿಯವರೆಗೆ ಎತ್ತಿನ ಗಾಡಿಯಲ್ಲೋ ನಡೆದೋ ಹೆರಿಗೆಗೆ ಹೋಗುತ್ತಿದ್ದ ಶಾಂತಕ್ಕ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂತು ಹೊರಟರು. ಪಾಂಡಣ್ಣ ಮತ್ತೆ ಯಾವ ಕೆಲಸವನ್ನೂ ಹುಡುಕಲಿಲ್ಲ.

ಕರಾವಳಿಯ ರಸ್ತೆಯಲ್ಲಿ ಫಟಫಟಿ ಓಡಿಸುವವರಿಗೆ ದೊಡ್ಡ ವೈರಿ ಅಂದರೆ ಮರಳು. ಕಡಲ ಗಾಳಿಯ ಉಪ್ಪು ಅದರ ತಮ್ಮ. ಎರಡೂ ಸೇರಿ ಚೈನನ್ನು ತಿನ್ನುತ್ತಿದ್ದವು. ಅದಕ್ಕೇ ಪ್ರತಿ ಆದಿತ್ಯವಾರ ಬೆಳಿಗ್ಗೆ ಪಾಂಡಣ್ಣ ಅಂಗಳದಲ್ಲಿ ಗೋಣಿತಟ್ಟು ಹಾಸಿ ಕೂರುತ್ತಿದ್ದರು. ಕೊಂಡಿಯ ಕ್ಲಿಪ್ಪು ತೆಗೆದರೆ ಚೈನು ಕೇರೆಹಾವಿನಂತೆ ಸರಿದು ಅವರ ಕೈಗೆ ಬರುತ್ತಿತ್ತು. ಅದನ್ನು ತೂತಿಗೆ ಬೆಸುಗೆ ಹಾಕಿಸಿ ಇಟ್ಟುಕೊಂಡಿದ್ದ ಹಳೆ ಬೋಗುಣಿಯಲ್ಲಿ ಚಿಮಣಿ ಎಣ್ಣೆ ಹಾಕಿ ನೆನೆಸುವುದು, ತೆಂಗಿನ ನಾರಿನ ಬ್ರಶ್ಶಿನಿಂದ ಒಂದೊಂದೇ ಕೊಂಡಿ ತಿಕ್ಕುವುದು, ಶಾಂತಕ್ಕನ ಹಳೆ ಸೀರೆಯ ತುಂಡಿನಲ್ಲಿ ಒರೆಸುವುದು. ಆಮೇಲೆ ಚೈನನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಿಸುತ್ತಿದ್ದರು. ಒಳಗೆ ಮರಳಿನ ಕಿರುಕಿರು ಇನ್ನೂ ಕೇಳಿದರೆ ಮತ್ತೆ ಎಣ್ಣೆಗೆ. ಕೇಳದಿದ್ದರೆ ಮೂರು ಕಲ್ಲಿನ ಒಲೆಯ ಮೇಲೆ ಗ್ರೀಸು ಬಿಸಿ ಮಾಡಿ, ಕರಗಿದ ಗ್ರೀಸಿನಲ್ಲಿ ಚೈನನ್ನು ಮುಳುಗಿಸಿ, ಪೇರಲ ಮರದ ಟೊಂಗೆಗೆ ನೇತುಹಾಕಿ ತೊಟ್ಟಿಕ್ಕಲು ಬಿಡುತ್ತಿದ್ದರು. ಒಮ್ಮೆ ಶಾಂತಕ್ಕನ ಸಾರಿನ ಪಾತ್ರೆಯಲ್ಲೇ ಗ್ರೀಸು ಕಾಯಿಸಿದ್ದಕ್ಕೆ, ಅವರು ಎರಡು ದಿನ ಊಟಕ್ಕೆ ನಮ್ಮ ಮನೆಗೆ ಬರಬೇಕಾಯಿತು.

ಚೈನು ಹಾಕುವಾಗ ಅವರು ಸದಾ ಒಂದು ಮಾತು ಹೇಳುತ್ತಿದ್ದರು. ಕೊಂಡಿ ಬಿಗಿಯುವ ಆ ಕ್ಲಿಪ್ಪು ನೋಡಲು ಸಣ್ಣ ಮೀನಿನ ಹಾಗೆ, ಒಂದು ಕಡೆ ದುಂಡು ತಲೆ, ಇನ್ನೊಂದು ಕಡೆ ಸೀಳಿದ ಬಾಲ. ಚೈನು ಓಡುವ ದಿಕ್ಕಿಗೆ ತಲೆ ಇರಬೇಕು. "ಬಾಲ ಮುಂದೆ ಮಾಡ್ಕಂಡು ಈಜೂ ಮೀನ ಎಲ್ಲಾದ್ರೂ ಕಂಡೀಯಾ ತಂಗಿ? ತಿರಗಾಮುರಗಾ ಹಾಕಿದ್ರೆ ದಾರಿಲಿ ಕಳಚಿ ಬೀಳ್ತದೆ. ಆಮೇಲೆ ಬಾಯೋರು ಒಂದ್ಕಡೆ, ನಾ ಒಂದ್ಕಡೆ" ಎನ್ನುವರು. ಎಲ್ಲ ಮುಗಿದ ಮೇಲೆ ಶಾಂತಕ್ಕ ಬಂದು ಹಿಂದೆ ಕೂರಬೇಕು. ಜನ ಕೂತಾಗ ಚೈನು ಬಿಗಿಯಾಗುತ್ತದೆ, ಆದ್ದರಿಂದ ಭಾರ ಹಾಕಿಯೇ ಸಡಿಲು ನೋಡಬೇಕು ಎಂಬುದು ಅವರ ಲೆಕ್ಕ. ಒಲೆಯ ಮೇಲೆ ಅನ್ನ ಬಿಟ್ಟು ಬಂದ ಶಾಂತಕ್ಕ, ನಿಂತ ಫಟಫಟಿಯ ಮೇಲೆ ಚೀಲ ಹಿಡಿದು ಕೂತು, "ಊರವರು ನೋಡಿ ನಗ್ತ್ರು, ಬೇಗ ಆಗ್ಲಿ" ಎಂದು ಬಯ್ಯುವುದು, ಪಾಂಡಣ್ಣ ಕೆಳಗೆ ಬಗ್ಗಿ ಬೆರಳಿನಿಂದ ಚೈನು ಎತ್ತಿ ನೋಡುತ್ತ, "ಇನ್ನೊಂಚೂರು ಹಿಂದೆ ಸರೀರಿ ಬಾಯೋರೇ" ಎನ್ನುವುದು. ಬಾವಿಯ ಹತ್ತಿರ ನಿಂತು ನಾನು ಇದನ್ನು ನೋಡಿ ಎಷ್ಟೋ ಸಲ ಕೊಡ ತುಂಬಿದ್ದನ್ನೂ ಮರೆತಿದ್ದೇನೆ.

ಅಂಥ ಒಂದು ಆದಿತ್ಯವಾರವೇ ಆ ಕೆಟ್ಟ ಕರೆ ಬಂತು. ಚೈನು ಚಿಮಣಿ ಎಣ್ಣೆಯಲ್ಲಿ ನೆನೆದಿತ್ತು. ಕರ್ಕಿ ಕಡೆಯಿಂದ ಒಬ್ಬ ಮನುಷ್ಯ ಓಡಿ ಬಂದು ಬೇಲಿ ಹಿಡಿದು ನಿಂತು, "ಬಾಯೋರೇ, ಹೆಣ್ತಿಗೆ ಕಷ್ಟ ಆಗದೆ, ಬೇಗ ಬನ್ನಿ" ಎಂದ. ಶಾಂತಕ್ಕ ಚೀಲ ತರಲು ಒಳಗೆ ಹೋದರು. ಪಾಂಡಣ್ಣ ಚೈನನ್ನು ಎಣ್ಣೆಯಿಂದ ಎತ್ತಿ ಒರೆಸದೆಯೇ ಹಲ್ಲುಚಕ್ರಕ್ಕೆ ಸುತ್ತಿದರು. ಆದರೆ ಕಲ್ಲಿನ ಮೇಲೆ ಇಟ್ಟಿದ್ದ ಕ್ಲಿಪ್ಪು ಕಾಣಲಿಲ್ಲ. ಅಂಗಳದ ತುಂಬ ಮರಳು. ಪಾಂಡಣ್ಣ ಮೊಣಕಾಲೂರಿ ಎರಡೂ ಕೈಯಿಂದ ಮರಳು ಬಾಚತೊಡಗಿದರು. ನಾನೂ ಅತ್ತೆಯೂ ಹೋಗಿ ಹುಡುಕಿದೆವು.

ಶಾಂತಕ್ಕ ಒಂದು ಕ್ಷಣ ನೋಡಿ, "ನಾ ನಡೀತೆ. ಸಿಕ್ಕಿದ್ರೆ ಹಿಂದೆ ಬನ್ನಿ" ಎಂದು ಆ ಮನುಷ್ಯನ ಜೊತೆ ಹೊರಟೇಬಿಟ್ಟರು.

ಕ್ಲಿಪ್ಪು ಕೊನೆಗೆ ಸಿಕ್ಕಿದ್ದು ಗೋಣಿತಟ್ಟಿನ ಮಡಿಕೆಯಲ್ಲಿ. ಪಾಂಡಣ್ಣ ಹೋಗಿ ಮುಟ್ಟುವಾಗ ಶಾಂತಕ್ಕ ಆ ಮನೆಯ ಹೊರಗೆ ಕೈ ತೊಳೆಯುತ್ತಿದ್ದರಂತೆ. ತಾಯಿ ಉಳಿದಿದ್ದಳು, ಮಗು ಇರಲಿಲ್ಲ.

ಆ ದಿನ ಮಧ್ಯಾಹ್ನ ಪಾಂಡಣ್ಣ ಊಟ ಮಾಡಲಿಲ್ಲ. ಬಾವಿಕಟ್ಟೆಯಿಂದ ಬೇಲಿಗೆ, ಬೇಲಿಯಿಂದ ಬಾವಿಕಟ್ಟೆಗೆ ನಡೆಯುತ್ತಲೇ ಇದ್ದರು. ಶಾಂತಕ್ಕ ಬಂದು ಎದುರು ನಿಂತರು.

"ಕೇಳಿ ಇಲ್ಲಿ. ಮಗು ನಿನ್ನೆಯೇ ಹೋಗಿತ್ತು. ಹೊಕ್ಕಳಬಳ್ಳಿ ಕುತ್ತಿಗಿಗೆ ಸುತ್ತಿತ್ತು. ನೀವು ಗಾಳಿ ಮೇಲೆ ಕರಕಂಡು ಹೋಗಿದ್ರೂ ಅಷ್ಟೇಯ."

"ನಿಂಗೆ ಹ್ಯಾಂಗೆ ಗೊತ್ತು?"

"ನನ್ನ ಕೆಲಸ ಅದು. ನಂಗೆ ಗೊತ್ತಾಗ್ತದೆ."

"ಆತು" ಅಂದರು ಪಾಂಡಣ್ಣ. ಆದರೆ ಆಗಿರಲಿಲ್ಲ. ಮತ್ತೆ ನಡೆಯತೊಡಗಿದರು.

ಆ ವಾರವೇ ಅವರು ಹೊಳೆ ದಾಟಿ ಭಟ್ಕಳಕ್ಕೆ ಹೋದರು. ಅಲ್ಲಿ ಮುಂಬೈ ವ್ಯಾಪಾರದ ಒಬ್ಬ ಸಾಹೇಬರು ಅವರಿಗೆ ಪರಿಚಯ. ಅವರ ಕೈಯಲ್ಲಿ ಮುಂಬೈಯಿಂದ ಇನ್ನೊಂದು ಚೈನು ತರಿಸಿಕೊಂಡರು. "ಅರೆ ಪಾಂಡೂಭಾಯ್, ಒಂದು ಗಾಡಿಗೆ ಎರಡು ಚೈನು ಯಾಕೆ?" ಎಂದು ಸಾಹೇಬರು ಕೇಳಿದರಂತೆ. "ಒಂದು ಗಾಡಿಗೆ ಸಾಹೇಬ್ರೆ, ಇನ್ನೊಂದು ನನ್ನ ನಿದ್ದೆಗೆ" ಎಂದು ಇವರು ಹೇಳಿದರಂತೆ. ಅಂದಿನಿಂದ ಒಂದು ಚೈನು ಕಳಚಿದ ಕೂಡಲೇ ಇನ್ನೊಂದು ಗಾಡಿಗೆ ಏರುತ್ತಿತ್ತು. ಆಮೇಲೆಯೇ ತೊಳೆಯುವ ಕೆಲಸ. ಹಾಕುವಷ್ಟು ಹೊತ್ತು ಕ್ಲಿಪ್ಪನ್ನು ತುಟಿಗಳ ನಡುವೆ ಕಚ್ಚಿ ಹಿಡಿಯುತ್ತಿದ್ದರು. ಆ ಸ್ವಲ್ಪ ಹೊತ್ತು ನಮ್ಮ ಓಣಿಯಲ್ಲಿ ಅವರ ಸ್ವರ ಇರುತ್ತಿರಲಿಲ್ಲ.

ನನ್ನ ಚೊಚ್ಚಲ ಹೆರಿಗೆಗೆ ಪದ್ಧತಿಯಂತೆ ತವರಿಗೆ, ಮಂಕಿಗೆ ಹೋಗಿದ್ದೆ. ನೋವು ಶುರುವಾಗಿ ಒಂದು ಹಗಲು ಒಂದು ರಾತ್ರಿ ಕಳೆದರೂ ಮಗು ಬರಲಿಲ್ಲ. ಬೆಳಿಗ್ಗೆ ಅಪ್ಪ ಮೊದಲ ಬಸ್ಸಿಗೆ ಹೊನ್ನಾವರಕ್ಕೆ ಜನ ಕಳಿಸಿದರು. ಆಗ ಶರಾವತಿಗೆ ಸೇತುವೆ ಇರಲಿಲ್ಲ. ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲಿನಲ್ಲಿ ಗಾಡಿ, ಜನ ಎಲ್ಲ ದಾಟಬೇಕು. ಅಷ್ಟೆಲ್ಲ ಆಗಿ ಅಂಗಳದಲ್ಲಿ ಫಟಫಟಿಯ ಸದ್ದು ಕೇಳಿದಾಗ ನಾನು ಅತ್ತೇ ಬಿಟ್ಟೆ. ಶಾಂತಕ್ಕ ಒಳಗೆ ಬಂದು ನನ್ನ ಹೊಟ್ಟೆ ಮುಟ್ಟಿ ನೋಡಿ, ಮುಖದಲ್ಲಿ ಏನೂ ತೋರಿಸದೆ ಹೊರಗೆ ಹೋದರು. ಕಿಟಕಿಯಿಂದ ಅವರ ಮಾತು ಕೇಳಿತು.

"ದವಾಖಾನೆಗೆ ಒಯ್ಯಬೇಕು. ಡಾಕ್ಟ್ರು ಇರೂದು ಒಳ್ಳೇದು. ಗಾಡಿ ಬೇಕು."

"ಆತು" ಎಂದವರೇ ಪಾಂಡಣ್ಣ ಹೋದರು. ದೊಡ್ಡ ರಸ್ತೆಗೆ ಹೋಗಿ ಫಟಫಟಿಯನ್ನು ನಡುರಸ್ತೆಯಲ್ಲಿ ಅಡ್ಡ ನಿಲ್ಲಿಸಿ, ಮುರ್ಡೇಶ್ವರದ ಕಡೆಯಿಂದ ತೆಂಗಿನಕಾಯಿ ತುಂಬಿಕೊಂಡು ಬರುತ್ತಿದ್ದ ಲಾರಿಯನ್ನು ತಡೆದರಂತೆ. ಡ್ರೈವರ್ ಕೂಗಾಡಿದನಂತೆ. ಇವರು ಉತ್ತರ ಕೊಡದೆ ಲಾರಿ ಹತ್ತಿ ಕಾಯಿಗಳನ್ನು ಕೆಳಗೆ ಎಸೆದು ಮಲಗುವಷ್ಟು ಜಾಗ ಮಾಡತೊಡಗಿದರಂತೆ. ವಿಷಯ ತಿಳಿದ ಮೇಲೆ ಡ್ರೈವರೂ ಸೇರಿ ಎಸೆದ.

ನನ್ನನ್ನು ಕಾಯಿಗಳ ನಡುವೆ ಹಾಸಿಗೆ ಹಾಕಿ ಮಲಗಿಸಿದರು. ಜಂಗಲು ಹಿಡಿದು ನಿಲ್ಲಿಸಲು ಪಾಂಡಣ್ಣ ಮುಂದೆ ಹೋದರು. ಹೊಳೆಯ ದಡದಲ್ಲಿ ನನ್ನನ್ನು ಲಾರಿಯಿಂದ ಇಳಿಸಿ, ಬೆಂಚಿನ ಮೇಲೆ ಹೊತ್ತು ಜಂಗಲಿಗೆ ಏರಿಸಿದರು. ಅಮ್ಮ ಮತ್ತು ಶಾಂತಕ್ಕ ಸುತ್ತ ಸೀರೆ ಹಿಡಿದು ಮರೆ ಮಾಡಿದರು. ಫಟಫಟಿಯೂ ಹಲಗೆಯ ಆಚೆ ತುದಿಗೆ ಬಂತು. ಹೊಳೆಯ ನಡುವೆ ಬಂದಾಗ ನನ್ನ ಸೊಂಟ ಮುರಿದಂತಾಯಿತು. ಶಾಂತಕ್ಕ ಬಗ್ಗಿ ನೋಡಿ, "ಡಾಕ್ಟ್ರು ಬ್ಯಾಡ, ಇಲ್ಲೇ ಆಗ್ತದೆ" ಅಂದರು.

ಆಮೇಲಿನದು ನನಗೆ ತುಂಡು ತುಂಡಾಗಿ ನೆನಪು. ಸೀರೆಯ ಮೇಲೆ ಬಿಸಿಲು. ಹುಟ್ಟು ನೀರಿಗೆ ಬೀಳುವ ಸದ್ದು. ಹಲಗೆಯ ಮೇಲೆ ಅತ್ತಿಂದಿತ್ತ ಓಡಾಡುವ ಹೆಜ್ಜೆ.

"ಹೋಯ್, ಕೂತ್ಕಳಿ ಮಾರಾಯ್ರೇ! ಜಂಗಲು ಅಲ್ಲಾಡ್ತದೆ!" ಎಂದು ಅಂಬಿಗ ಗದರಿಸಿದ.

ಹೆಜ್ಜೆ ನಿಂತಿತು. ಪಾಂಡಣ್ಣ ಕೂತರು ಅಂದುಕೊಂಡೆ. ಕೂತದ್ದು ಹೌದು, ಫಟಫಟಿಯ ಪಕ್ಕ ನಮಗೆ ಬೆನ್ನು ಹಾಕಿ. ಆ ಹೊತ್ತಿನಲ್ಲಿ ಉಟ್ಟ ಪಂಚೆಯ ಅಂಚಿನಿಂದ ಅವರು ಚೈನು ಒರೆಸುತ್ತಿದ್ದರೆಂದು ಅಮ್ಮ ಆಮೇಲೆ ಹೇಳಿದಳು. ಒಂದು ಕೊಂಡಿ ಒರೆಸಿ, ಮುಂದಿನದಕ್ಕೆ ಹೋಗಿ, ಮತ್ತೆ ಹಿಂದಿನದಕ್ಕೇ ಬರುತ್ತಿದ್ದರಂತೆ. ಮಗು ಅಳಲಿಲ್ಲ. ಅಂಬಿಗರು ಹುಟ್ಟು ಎತ್ತಿ ಹಿಡಿದರು. ಶಾಂತಕ್ಕ ಬೆನ್ನು ತಟ್ಟಿದ ಸದ್ದು ಕೇಳಿತು, ಒಮ್ಮೆ, ಮತ್ತೊಮ್ಮೆ. ಆಮೇಲೆ ಅತ್ತಳು ನನ್ನ ಮಗಳು.

ತಿರುಗಿ ನೋಡದೆಯೇ ಪಾಂಡಣ್ಣ ಕೇಳಿದರು, "ಆತಾ?"

"ಆತು" ಎಂದರು ಶಾಂತಕ್ಕ.

ಪಾಂಡಣ್ಣ ಮುಖ ತೊಳೆಯುವವರಂತೆ ಹೊಳೆಗೆ ಬಗ್ಗಿದರು. ಬಹಳ ಹೊತ್ತು ತೊಳೆದರು. ಮುಖದ ತುಂಬ ಚೈನಿನ ಕಪ್ಪು ಹತ್ತಿ, ದಡ ಮುಟ್ಟಿದಾಗ ಜನ ಅವರನ್ನು ನೋಡಿ ಹೆದರಿದರಂತೆ.

ಮಗಳಿಗೆ ಮಾತು ಬರುವ ಮೊದಲೇ ಶಾಂತಕ್ಕನಿಗೆ ಕುಮಟಾಕ್ಕೆ ವರ್ಗವಾಯಿತು. ಅಲ್ಲಿ ಸರಕಾರದ ಜೀಪು ಇತ್ತು, ಡ್ರೈವರ್ ಇದ್ದ. ಮುಂದೆ ಒಂದು ಬೇಸಗೆಯಲ್ಲಿ ಮಗಳನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಶಾಂತಕ್ಕ ತಲೆಗೂದಲು ನೆರೆತು ದಪ್ಪಗಾಗಿದ್ದರು. ಪಾಂಡಣ್ಣ ಸೊರಗಿದ್ದರು. ಅಂಗಳದಲ್ಲಿ ಒಂದು ಚೈನು ಗಾಡಿಯ ಮೇಲೆ, ಇನ್ನೊಂದು ಹಗ್ಗದ ಮೇಲೆ, ಎರಡೂ ಹೊಸದರಂತೆ ಹೊಳೆಯುತ್ತಿದ್ದವು.

"ಈಗ ಎಲ್ಲಿಗೆ ಹೋಗ್ತ್ರಿ ಪಾಂಡಣ್ಣ?"

"ಎಲ್ಲಿಗೆ ಹೋಗೂದು ತಂಗಿ. ಜೀಪಿಗೆ ಚೈನೇ ಇಲ್ಲ" ಎಂದು ನಕ್ಕು, ಏನೋ ತರಬೇಕೆಂದು ಎದ್ದು ಹೋದರು.

ಅಡುಗೆಮನೆಯಲ್ಲಿ ಶಾಂತಕ್ಕ ಸಣ್ಣ ಸ್ವರದಲ್ಲಿ ಹೇಳಿದರು. "ಜೀಪು ಸುಖವೇ. ಮಳೆ ಇಲ್ಲ, ಧೂಳಿಲ್ಲ, ಡ್ರೈವರ್ ಬಾಗಿಲು ತೆಗೆದು ಕೊಡ್ತಾನೆ. ಆದ್ರೆ ದಾರಿ ಮೇಲೆ ಯಾರಿಗೆ ಬಯ್ಯೂದು ಹೇಳು? ಆ ಹುಡುಗಗೆ ಬಯ್ಯೂಕಾಗ್ತದಾ?" ಸ್ವಲ್ಪ ಹೊತ್ತು ತೆಂಗಿನಕಾಯಿ ತುರಿದರು. "ಇವರು ಹಿಂದೆ ಬತ್ರು, ಗೊತ್ತಾ? ಜೀಪು ಹೋದ ಮೇಲೆ ಫಟಫಟಿ ತಕಂಡು ಹೊರಡ್ತ್ರು. ನಾ ಹೆರಿಗೆ ಮುಗಿಸಿ ಹೊರಗೆ ಬಂದ್ರೆ ದೂರದಲ್ಲಿ ಯಾವ್ದೋ ಮರದ ಬುಡದಲ್ಲಿ ನಿಂತಿರ್ತ್ರು. ನಾ ಕಂಡೂ ಕಾಣದ ಹಾಂಗೆ ಜೀಪು ಹತ್ತತೆ. ಮನೆಗೆ ಬಂದು, ಎಲ್ಲಿಗೆ ಹೋಗಿದ್ರಿ ಅಂತ ಕೇಳಿದ್ರೆ, ಹೀಂಗೇ ಪೇಟೆಗೆ ಅಂತ್ರು."

ನಾನು ಪಾಂಡಣ್ಣನನ್ನು ಕೊನೆಯ ಸಲ ನೋಡಿದ್ದು ಆ ಭೇಟಿಯಲ್ಲೇ. ಮುಂದಿನ ಮಳೆಗಾಲದಲ್ಲಿ ಅವರು ಜ್ವರ ಬಂದು ಮಲಗಿದವರು ಏಳಲಿಲ್ಲ. ಆಗ ನಾನು ಎರಡನೆಯ ಮಗುವಿನ ಬಾಣಂತಿ, ಹೋಗಲಾಗಲಿಲ್ಲ. ಶಾಂತಕ್ಕ ನಿವೃತ್ತಿಯವರೆಗೆ ಜೀಪಿನಲ್ಲೇ ಓಡಾಡಿದರು. ಫಟಫಟಿಯನ್ನು ಯಾರಿಗೆ ಕೊಟ್ಟರೋ, ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಆ ಕೊನೆಯ ಭೇಟಿಯ ದಿನ ನಮ್ಮನ್ನು ಬಸ್ಸು ಹತ್ತಿಸಲು ಪಾಂಡಣ್ಣ ಕುಮಟಾ ಸ್ಟ್ಯಾಂಡಿಗೆ ಬಂದಿದ್ದರು. ಬಸ್ಸು ಹೊರಡಲು ತಡವಾಯಿತು. ಅಷ್ಟರಲ್ಲಿ ಅವರು ಕಂಡಕ್ಟರನನ್ನು ಹುಡುಕಿ ಬಂದರು, ಮಗಳಿಗೆ ಬಾಳೆಹಣ್ಣು ತಂದರು, ನಮ್ಮ ಟ್ರಂಕನ್ನು ಸೀಟಿನ ಅಡಿಯಿಂದ ತೆಗೆದು ಬೇರೆ ಕಡೆ ಇಟ್ಟು, ಮತ್ತೆ ಅಲ್ಲಿಗೇ ಇಟ್ಟರು. "ಆತು ತಂಗಿ, ಸಾವಕಾಶ ಹೋಗಿ" ಎಂದು ಇಳಿದರು.

ಬಸ್ಸು ಊರು ಬಿಟ್ಟ ಮೇಲೆ ಪಕ್ಕದಲ್ಲಿ ಫಟಫಟಿಯ ಸದ್ದು ಕೇಳಿತು. ನೋಡಿದರೆ ಪಾಂಡಣ್ಣ. ಪಂಚೆ ಮೇಲೆ ಕಟ್ಟಿ, ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು ನಮ್ಮ ಕಿಟಕಿಯ ಜೊತೆಜೊತೆಗೆ ಬರುತ್ತಿದ್ದರು. ಹಿಂದಿನ ಸೀಟು ಖಾಲಿ. ಎದುರಿಗೆ ಗಾಡಿ ಬಂದರೆ ಹಿಂದೆ ಸರಿಯುವರು, ದಾರಿ ತೆರೆದರೆ ಮತ್ತೆ ಪಕ್ಕಕ್ಕೆ ಬರುವರು. ಮಗಳು ಕಿಟಕಿಯ ಸರಳು ಹಿಡಿದು ಕೈ ಬೀಸುತ್ತಲೇ ಇದ್ದಳು. ಧಾರೇಶ್ವರದ ತಿರುವಿನಲ್ಲಿ ಅವರು ನಿಧಾನ ಮಾಡಿ, ಒಂದು ಕಾಲು ನೆಲಕ್ಕೆ ಊರಿ ನಿಂತರು. ಬಸ್ಸು ಮುಂದೆ ಹೋಯಿತು. ನಾನು ಕುತ್ತಿಗೆ ಹೊರಗೆ ಹಾಕಿ ನೋಡಿದೆ. ಗಾಡಿಯನ್ನು ಅವರು ಇನ್ನೂ ತಿರುಗಿಸಿರಲಿಲ್ಲ.

"ಅಮ್ಮಾ, ಅಜ್ಜ ಎಲ್ಲಿಗೆ ಹೋಗೂಕೆ ಬಂದಿದ್ದ?" ಎಂದು ಮಗಳು ಕೇಳಿದಳು.

"ಎಲ್ಲಿಗೂ ಇಲ್ಲ ಮಗಾ" ಅಂದೆ. "ನಮ್ಮ ಸಂಗಡ ಬಂದಿದ್ರು."