ಬಲಕ್ಕೆ ಬಿದ್ದ ಹೂವು, ಬಾರದ ಗೋಲಿ

ನಮ್ಮ ಕ್ಲಬ್ಬಿನ ಸೆಂಟರ್ ಫಾರ್ವರ್ಡ್‌ಗೆ ಎದುರಿನವರ ಗೋಲು ಯಾವ ದಿಕ್ಕಿಗಿದೆ ಎಂದು ಪ್ರತಿ ವಾರ ಹೊಸದಾಗಿ ತೋರಿಸಿಕೊಡಬೇಕಿತ್ತು. ನಾನು ಅಡುಗೆಮನೆಯ ಹೆಂಗಸು, ಚೆಂಡು ಒದ್ದವಳಲ್ಲ. ಆದರೆ ನೋಡಿದ್ದನ್ನು ಹೇಳಲು ಚೆಂಡು ಒದೆಯಬೇಕೆಂದಿಲ್ಲ. ಚೆಂಡು ಕಾಲಿಗೆ ಬಂದರೆ ಅವನು ಮೊದಲು ಜನರ ಕಡೆ ನೋಡುತ್ತಿದ್ದ, ಆಮೇಲೆ ಹಣೆಯ ಮೇಲಿನ ಕೂದಲು ಸರಿಮಾಡಿಕೊಳ್ಳುತ್ತಿದ್ದ. ಅಷ್ಟು ಹೊತ್ತಿಗೆ ಚೆಂಡು ಎದುರಿನವರ ಕಾಲಲ್ಲಿ ಇರುತ್ತಿತ್ತು.

ನಡುವೆ ಆಡುವ ಇಬ್ಬರು ಒಡಹುಟ್ಟಿದ ಅಣ್ಣತಮ್ಮಂದಿರು. ಇಬ್ಬರ ಕಾಲಿನಲ್ಲೂ ಆಟವಿತ್ತು, ಸುಳ್ಳು ಹೇಳಬಾರದು. ಆದರೆ ಮನೆ ಪಾಲಾಗುವಾಗ ಹಿತ್ತಲಿನ ಒಂದು ತೆಂಗಿನಮರ ಯಾರಿಗೆ ಎನ್ನುವಲ್ಲಿ ಮಾತು ಬಿಟ್ಟವರು, ಮೈದಾನದಲ್ಲೂ ಬಿಟ್ಟರು. ಅಣ್ಣನ ಚೆಂಡು ತಮ್ಮನಿಗೆ ತಲುಪಬೇಕಾದರೆ ನಡುವೆ ಮೂರನೆಯವನೊಬ್ಬ ಬೇಕಿತ್ತು. ಎಡಬದಿಗೆ ಓಡುವ ಹುಡುಗ ಒಳ್ಳೆಯವನೇ. ಆದರೆ ಅವನಿಗೆ ಸಂಜೆಪಾಳಿಯ ಕೆಲಸ. ಅರ್ಧ ಆಟಕ್ಕೆ ಬೂಟು ಬಿಚ್ಚಿ ಸೈಕಲ್ ಹತ್ತುತ್ತಿದ್ದ.

ಇನ್ನು ಕಮಿಟಿ. ಅಧ್ಯಕ್ಷರು ಮೈದಾನಕ್ಕೆ ಬಿಳಿ ಬೂಟು ಹಾಕಿಕೊಂಡು ಬರುತ್ತಿದ್ದರು, ಮಣ್ಣು ತಾಗಬಾರದೆಂದು ಗೆರೆಯ ಹೊರಗೇ ನಿಲ್ಲುತ್ತಿದ್ದರು. ವರ್ಷವರ್ಷಕ್ಕೆ ಅವರ ಪೆಂಡಾಲು ದೊಡ್ಡದಾಯಿತು, ನಮ್ಮ ತಂಡ ಸಣ್ಣದಾಯಿತು. ಮುಖ್ಯ ಅತಿಥಿಗೆ ಶಾಲು ಇರುತ್ತಿತ್ತು, ಆಟಗಾರನ ಮಂಡಿ ಒಡೆದರೆ ಕಟ್ಟಲು ಬಟ್ಟೆ ಇರುತ್ತಿರಲಿಲ್ಲ. ಒಮ್ಮೆ ನನ್ನ ಕರವಸ್ತ್ರವೇ ಹೋಯಿತು. ಸೋಲತೊಡಗಿದ ಮೇಲೆ ಅವರಿಗೆ ಗೋವಾದಿಂದ ಆಟಗಾರರನ್ನು ತರಿಸುವ ಚಾಳಿ ಹಿಡಿಯಿತು. ಬಂದವರು ಬಾಂಗಡೆ ಸಾರು, ಅನ್ನ ಉಂಡು, ಗೆರೆಯೊಳಗೆ ಒಂದಿಷ್ಟು ಓಡಾಡಿ, ಸಂಜೆಯ ಬಸ್ಸಿಗೆ ವಾಪಸ್. ನಮ್ಮ ಹುಡುಗರ ಹೆಸರೂ ಅವರಿಗೆ ಗೊತ್ತಾಗುತ್ತಿರಲಿಲ್ಲ.

ನಾನು ಹುಟ್ಟಿದ್ದು ಕಾರವಾರದಲ್ಲಿ, ಕಾಳಿ ಹೊಳೆಯ ಈಚೆ ದಡದ ಕೇರಿಯಲ್ಲಿ. ಆ ಕೇರಿಯದೇ ಕ್ಲಬ್ಬು ಇದು. ಮದುವೆಯಾಗಿ ಅಂಕೋಲೆಯ ಬೊಬ್ರುವಾಡಕ್ಕೆ ಬಂದೆ. ಆಫೀಸಿನಲ್ಲಿ ಗುಮಾಸ್ತರಾಗಿದ್ದ ನಮ್ಮ ಯಜಮಾನರಿಗೆ ಫುಟ್ಬಾಲ್ ಎಂದರೆ ನಗೆ.

"ನಿನ್ನ ಕ್ಲಬ್ಬು ಇನ್ನೂ ಉಸಿರಾಡ್ತದಾ?" ಎನ್ನುತ್ತಿದ್ದರು.

"ಆಡ್ತದೆ. ನೀವು ಸ್ಕೂಟರ್ ತೆಗೀರಿ" ಎನ್ನುತ್ತಿದ್ದೆ.

ನಗುತ್ತಲೇ ಬಾಳೆಗುಳಿಯವರೆಗೆ ಬಿಟ್ಟು ಬರುತ್ತಿದ್ದರು, ಹುಬ್ಬಳ್ಳಿ ಕಡೆಯಿಂದ ಬರುವ ಕಾರವಾರ ಬಸ್ಸು ಅಲ್ಲಿ ಸಿಗುತ್ತದೆಂದು. ನಗುವ ಗಂಡ ಸಿಕ್ಕಿದ್ದು, ಬೇಡವೆನ್ನುವ ಗಂಡ ಸಿಗದಿದ್ದದ್ದು, ಅದೂ ದೇವರ ದಯೆಯೇ.

ನಾನು ಹೋಗುತ್ತಿದ್ದುದು ಆಟದ ಹುಚ್ಚಿಗೆ ಮಾತ್ರವಲ್ಲ. ಆ ತಂಡವನ್ನು ತಯಾರು ಮಾಡುತ್ತಿದ್ದವನು ನನ್ನ ಅಣ್ಣ. ಬಂದರಿನಲ್ಲಿ ಬೋಟುಗಳ ಇಂಜಿನ್ ರಿಪೇರಿ ಅವನ ಕೆಲಸ. ಹರೆಯದಲ್ಲಿ ಅದೇ ಕ್ಲಬ್ಬಿನ ಬ್ಯಾಕ್ ಆಗಿದ್ದ. ಮಂಡಿ ಹೋಯಿತು, ಆಟ ಹೋಯಿತು, ಕುಡಿತ ಬಂತು. ವೈನಿ, ಎಂದರೆ ಅವನ ಹೆಂಡತಿ, ಸಂಜೆಯಾದರೆ ಗಟಾರದ ಬದಿಗೆಲ್ಲ ಹುಡುಕಿಕೊಂಡು ಹೋಗುತ್ತಿದ್ದ ಕಾಲವಿತ್ತು. ಆಗ ಕ್ಲಬ್ಬಿನ ಹಳಬರು ಬಂದು, ನಮ್ಮ ಹುಡುಗರಿಗೆ ನೀನೇ ಕಲಿಸು ಎಂದು ಕೇಳಿದರು. ಅಣ್ಣ ಮಿಂದು ಗ್ರಾಮದೇವರ ಗುಡಿಗೆ ಹೋಗಿ, ತೆಂಗಿನಕಾಯಿ ಇಟ್ಟು, ಭಟ್ಟರ ಎದುರಿಗೇ ಮಾತು ಕೊಟ್ಟ: ಕ್ಲಬ್ ನಡೆಯುವವರೆಗೆ ಮುಟ್ಟುವುದಿಲ್ಲ.

ಕೊಟ್ಟ ಮಾತಿನಂತೆ ನಡೆದ. ಒಂದು ತೊಟ್ಟೂ ಮುಟ್ಟಲಿಲ್ಲ. ವೈನಿಯ ಮುಖಕ್ಕೆ ಬಣ್ಣ ಬಂತು. ಆದರೆ ಆ ಮಾತಿನ ಇನ್ನೊಂದು ತುದಿ ನನಗೂ ವೈನಿಗೂ ಗೊತ್ತಿತ್ತು. ದೇವರಿಗೆ ಕೊಟ್ಟ ಮಾತನ್ನು ಅಣ್ಣ ಮುರಿಯುವವನಲ್ಲ. ಕ್ಲಬ್ಬೇ ಮುಗಿದರೆ ಮುರಿಯುವ ಅಗತ್ಯವೂ ಇಲ್ಲ. ಹಾಗಾಗಿ ಸೆಂಟರ್ ಫಾರ್ವರ್ಡ್ ಕೂದಲು ಸರಿಮಾಡಿಕೊಳ್ಳುವಾಗ ಜನ ನಗುತ್ತಿದ್ದರು, ನಾವಿಬ್ಬರು ಹೆಂಗಸರು ಮಾತ್ರ ಸೆರಗಿನ ತುದಿ ಹಿಂಡುತ್ತಿದ್ದೆವು.

ಆ ವರ್ಷ ಕ್ಲಬ್ಬು ಲೀಗಿನ ತಳಕ್ಕೆ ಬಂತು. ಕೊನೆಯ ಆಟ ಸೋತರೆ ಕೆಳಗಿನ ಡಿವಿಜನ್. ಹಾಗಾದರೆ ಕ್ಲಬ್ಬಿಗೆ ಬೀಗ ಹಾಕುವುದೇ ಎಂದು ಅಧ್ಯಕ್ಷರು ಕೇರಿಯವರ ಎದುರಿಗೇ ಹೇಳಿಬಿಟ್ಟರು. ಡ್ರಾ ಆದರೂ ಸಾಕಿತ್ತು.

ಆ ಆಟಕ್ಕೆ ಗೋಲು ಕಾಯುವವರು ಯಾರು ಎಂಬಲ್ಲಿ ಜಗಳ ಹತ್ತಿತು. ನಮ್ಮ ಗೋಲಿ ಹೊಳೆಯಾಚೆಯ ದೇವಬಾಗದವನು, ಮೀನುಗಾರ. ವಯಸ್ಸಾಗುತ್ತಿತ್ತು, ಹಾರುವುದು ಕಡಿಮೆಯಾಗಿತ್ತು. ಆದರೆ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿರುತ್ತಿದ್ದ. ಅಣ್ಣನಿಗೆ ಅವನೇ ಬೇಕು. ಅಧ್ಯಕ್ಷರು ಗೋವಾದ ಒಬ್ಬ ಗೋಲಿಗೆ ಹೇಳಿ ಕಳಿಸಿದ್ದರು. ಇಬ್ಬರೂ ಬಿಡಲಿಲ್ಲ. ಕೊನೆಗೆ ನಮ್ಮಲ್ಲಿ ಮದುವೆಯಿಂದ ಹಿಡಿದು ಬಾವಿ ತೋಡುವವರೆಗೆ ಯಾವುದು ಬಗೆಹರಿಯದಿದ್ದರೂ ಏನು ಮಾಡುತ್ತಾರೋ ಅದನ್ನೇ ಮಾಡಿದರು. ದೇವರಲ್ಲಿ ಪ್ರಸಾದ ಕೇಳೋಣ ಎಂದರು.

ಆಟದ ದಿನ ಬೆಳಿಗ್ಗೆ ನಾನು ಬಂದು ಇಳಿಯುವಾಗ ಎಲ್ಲರೂ ಗುಡಿಯಲ್ಲಿದ್ದರು. ಭಟ್ಟರು ಹೂವಿನ ಎಸಳುಗಳನ್ನು ನೀರಲ್ಲಿ ಅದ್ದಿ ದೇವರ ಮೈಯ ಎರಡೂ ಬದಿಗೆ ಅಂಟಿಸಿದರು. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಕೇಳಿಕೊಳ್ಳುವ ಮಾತನ್ನು ಅಧ್ಯಕ್ಷರೇ ಹೇಳಿದರು, "ಗೋವಾದಂವ ಗೋಲಿನಲ್ಲಿ ನಿಂತ್ರೆ ನಮಗೆ ಗೆಲುವು ಉಂಟಾ, ತಂದೆ?"

ಗಂಟೆ ಬಡಿಯುತ್ತಿತ್ತು. ಯಾರೂ ಕಣ್ಣು ಮಿಟುಕಿಸಲಿಲ್ಲ. ಬಲಗಡೆಯ ಎಸಳು ಜಾರಿ ಬಿತ್ತು.

ಅಣ್ಣ ಕೈಮುಗಿದ. ಮುಗಿಯದೆ ಏನು ಮಾಡುತ್ತಾನೆ. ದೇವಬಾಗದ ಗೋಲಿಯೂ ಅಲ್ಲೇ ಕಂಬದ ಬಳಿ ನಿಂತಿದ್ದ. ತೀರ್ಥ ತೆಗೆದುಕೊಂಡು, ತಲೆಗೆ ಸವರಿಕೊಂಡು ಹೊರಟ. ಅಣ್ಣ ಅಂಗಳದಲ್ಲಿ ಅವನನ್ನು ತಡೆದ.

"ಮೈದಾನಕ್ಕಾದ್ರೂ ಬಾರೋ. ನನ್ನ ಪಕ್ಕ ಕೂತ್ಕೊ."

"ದೇವರೇ ಬೇಡ ಅಂದ ಮೇಲೆ ನಾ ಬಂದು ಎಂತ ಮಾಡುದು ದಾದಾ? ಊರಲ್ಲಿ ಇವತ್ತು ರಂಪಣಿ ಎಳೀತಾರೆ. ಅಲ್ಲಾದ್ರೂ ನನ್ನ ಕೈ ಬೇಕು" ಎಂದು ಅವನು ಹೊರಟೇ ಹೋದ. ಊರವರೆಲ್ಲ ದಂಡೆಯಲ್ಲಿ ಸಾಲು ನಿಂತು ಎಳೆಯುವ ದೊಡ್ಡ ಬಲೆ ಅದು. ಸಿಟ್ಟಿನಿಂದ ಹೋಗಿದ್ದರೆ ಚೆನ್ನಾಗಿತ್ತು, ಸಿಟ್ಟು ಇಳಿದ ಮೇಲೆ ಬರುತ್ತಿದ್ದ. ಅವನು ಭಕ್ತಿಯಿಂದ ಹೋದ.

ಮಧ್ಯಾಹ್ನ ಮೈದಾನದಲ್ಲಿ ಪೆಂಡಾಲು ಎದ್ದಿತ್ತು, ಹಾಡು ಹಾಕಿದ್ದರು. ಎರಡೂ ತಂಡಗಳು ಬೂಟು ಕಟ್ಟಿಕೊಂಡವು. ಗೋವಾದ ಗೋಲಿ ಬಂದಿರಲಿಲ್ಲ. ಮೊಬೈಲು ಆಗಷ್ಟೇ ಒಬ್ಬೊಬ್ಬರ ಕಿಸೆಗೆ ಬರುತ್ತಿದ್ದ ದಿನಗಳು. ಖಜಾಂಚಿಯ ಹತ್ತಿರ ಒಂದಿತ್ತು. ಅದನ್ನು ಕಿವಿಗೆ ಒತ್ತಿಕೊಂಡು ಅವರು ಮೈದಾನದ ಮೂಲೆ ಮೂಲೆಗೆ ಓಡಾಡಿದರು.

"ಸ್ವಿಚ್ ಆಫ್ ಬತ್ತಾ ಉಂಟು" ಎಂದರು.

ನನಗೆ ತಡೆಯಲಿಲ್ಲ. "ಸ್ಕೂಟರ್ ಮೇಲೆ ಯಾರಾದ್ರೂ ಸೇತುವೆ ದಾಟಿ ದೇವಬಾಗಕ್ಕೆ ಹೋಗಿ. ನಮ್ಮ ಗೋಲಿ ದಂಡೆ ಮೇಲೇ ಇರ್ತಾನೆ, ಒದ್ದೆ ಚಡ್ಡಿಯಲ್ಲೇ ಕರಕೊಂಡು ಬನ್ನಿ" ಎಂದೆ.

ಖಜಾಂಚಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬಾಯಿ, ನೀವು ಸೋಮವಾರ ಸೋಮವಾರ ಉಪವಾಸ ಮಾಡುವವರು. ನೀವೇ ಹೀಗೆ ಹೇಳುದಾ? ಪ್ರಸಾದ ಬಲಕ್ಕೆ ಆಗಿದೆ. ಅಂವ ಬಂದೇ ಬರ್ತಾನೆ."

"ನಿಂತರೆ ಗೆಲುವು ಅಂತ ದೇವರು ಹೇಳಿದ್ದು. ಬಸ್ಸು ಹತ್ತಿಸಿ ಕಳಿಸ್ತೇನೆ ಅಂತ ಹೇಳಿದ್ನಾ?"

ಪೆಂಡಾಲಿನಲ್ಲಿ ಯಾರೋ ನಕ್ಕರು. ಅಧ್ಯಕ್ಷರು ನಗಲಿಲ್ಲ. ಅಣ್ಣ ಆಗಲೇ ಒಬ್ಬ ಹುಡುಗನ ಕೈಗೆ ಸ್ಕೂಟರಿನ ಚಾವಿ ಕೊಟ್ಟಿದ್ದ. ಅಧ್ಯಕ್ಷರು ಆ ಚಾವಿ ಕಿತ್ತುಕೊಂಡರು. "ಪ್ರಸಾದ ಆದ ಮೇಲೆ ಇನ್ನೊಬ್ಬನ್ನ ಕರೆಸಿದ್ರೆ ದೇವರನ್ನ ನಂಬಲಿಲ್ಲ ಅಂದ ಹಾಗೆ. ತಂಡ ಕೆಳಗೆ ಬಿದ್ದರೆ ನಿನ್ನ ಹೊಣೆಯಾ?" ಎಂದರು. ಅಣ್ಣ ಹುಡುಗನಿಗೆ ಹಿಂದೆ ಸರಿ ಎಂದು ಕೈಮಾಡಿದ. ಅವನೂ ಆ ದೇವರಿಗೇ ಮಾತು ಕೊಟ್ಟವನಲ್ಲವೇ.

ರೆಫರಿ ಸೀಟಿ ಊದಿದರು. ಬ್ಯಾಕ್ ಆಡುವ ಉದ್ದ ಕೈಯ ಒಬ್ಬನಿಗೆ ಗ್ಲೌಸು ತೊಡಿಸಿ ಗೋಲಿನಲ್ಲಿ ನಿಲ್ಲಿಸಿದರು. ಗ್ಲೌಸು ಸಡಿಲವಾಗಿತ್ತು. ಮಣಿಕಟ್ಟಿಗೆ ವೈನಿ ತನ್ನ ತಲೆಯ ರಿಬ್ಬನ್ ಬಿಚ್ಚಿ ಕಟ್ಟಿದಳು.

ಹುಡುಗರನ್ನು ಆ ದಿನ ದೂರಲಾರೆ. ಎಡಬದಿಯವನು ಪಾಳಿಗೆ ರಜೆ ಹಾಕಿದ್ದ, ಕೊನೆಯವರೆಗೂ ಓಡಿದ. ಎರಡನೇ ಅರ್ಧದಲ್ಲಿ ಒಂದು ಸಲ, ಹೇಗಾಯಿತೋ ಏನೋ, ಮಾತು ಬಿಟ್ಟ ಅಣ್ಣತಮ್ಮಂದಿರಲ್ಲಿ ತಮ್ಮನಾದವನು ತಲೆ ಎತ್ತಿ ನೋಡಿದ, ಎದುರಿಗೆ ಅವನ ಅಣ್ಣನೇ ಇದ್ದ, ಚೆಂಡು ಕೊಟ್ಟ. ಆ ವರ್ಷ ಅವರಿಬ್ಬರ ನಡುವೆ ಹೋದ ಒಂದೇ ಪಾಸು ಅದು. ಆ ಅಣ್ಣ ಬಾರಿಸಿದ್ದು ಗೋಲಿನ ಮೇಲಿನ ಅಡ್ಡಕಂಬಿಗೆ ಬಡಿದು ವಾಪಸ್ ಬಂತು. ಆ ಕಂಬಿಯ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಆದರೂ ಸೊನ್ನೆ ಸೊನ್ನೆ. ನಾನು ಜಪ ಮಾಡುತ್ತಿದ್ದೆ. ವೈನಿ ಕಣ್ಣು ಮುಚ್ಚಿದ್ದಳು. "ಎಷ್ಟು ಹೊತ್ತು ಉಂಟೇ?" ಎಂದು ಕೇಳುತ್ತಲೇ ಇದ್ದಳು. "ಇನ್ನೇನು ಮುಗೀತು" ಎನ್ನುತ್ತಲೇ ಇದ್ದೆ.

ಮುಗಿಯುವ ಹೊತ್ತಿಗೆ ಎದುರಿನವನೊಬ್ಬ ದೂರದಿಂದ ಸುಮ್ಮನೆ ಒದ್ದ. ಗೋಲು ಹೊಡೆಯಲೆಂದು ಒದ್ದದ್ದೂ ಅಲ್ಲವೇನೋ. ದೇವಬಾಗದವನಾಗಿದ್ದರೆ ಎರಡು ಹೆಜ್ಜೆ ಹಿಂದಿದ್ದು ಎದೆಗೆ ಅಪ್ಪಿಕೊಳ್ಳುತ್ತಿದ್ದ. ನಮ್ಮ ಬ್ಯಾಕ್ ಪಾಪ, ಮುಂದೆ ಬಂದು ನಿಂತಿದ್ದ. ಚೆಂಡು ಅವನ ತಲೆಯ ಮೇಲಿಂದ ಹೋಗಿ ಬಲೆಯಲ್ಲಿ ಕೂತಿತು.

ಅಷ್ಟೇ. ಗೋವಾದವನು ಆ ದಿನ ತನ್ನೂರಿನಲ್ಲೇ ಇನ್ನೊಂದು ಆಟ ಆಡುತ್ತಿದ್ದನೆಂದು ಆಮೇಲೆ ತಿಳಿಯಿತು. ದೇವರು ಸುಳ್ಳು ಹೇಳಲಿಲ್ಲ, ಇದನ್ನು ನಾನು ಯಾರ ಎದುರಿಗೂ ಹೇಳುತ್ತೇನೆ. ಅವನು ನಿಂತಿದ್ದರೆ ಗೆಲ್ಲುತ್ತಿದ್ದೆವೇನೋ. ಬರುತ್ತಾನೋ ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದದ್ದನ್ನು ಕೇಳದೆ ಬಂದು, ಆಮೇಲೆ ದೇವರ ಹೆಸರು ಹೇಳಿ ಸ್ಕೂಟರ್ ನಿಲ್ಲಿಸುವುದು ಭಕ್ತಿಯಲ್ಲ, ಸೋಮಾರಿತನ.

ಅಧ್ಯಕ್ಷರು ಮೈಕ್ ಹಿಡಿದರು. ಸೋತ ದಿನವೂ ಅವರಿಗೆ ಮೈಕ್ ಬೇಕು. "ಇನ್ನು ನಮ್ಮಿಂದಾಗುದಿಲ್ಲ. ಇವತ್ತಿಗೆ ಕ್ಲಬ್ ಮುಗೀತು" ಎಂದರು.

ವೈನಿ ನನ್ನ ಕೈ ಹಿಡಿದುಕೊಂಡಳು. ಬಳೆ ಒತ್ತಿ ನೋವಾಯಿತು, ಬಿಡಿಸಿಕೊಳ್ಳಲಿಲ್ಲ. ಮೈದಾನದ ಗೇಟಿನ ಎದುರಿಗೇ ಒಂದು ಬಾರು. ಆಗಲೇ ದೀಪ ಹಚ್ಚಿದ್ದರು. ಇಬ್ಬರೂ ಗೇಟನ್ನು ನೋಡಿದೆವು, ಆಮೇಲೆ ಅಣ್ಣನನ್ನು ನೋಡಿದೆವು. ಹುಡುಗರೆಲ್ಲ ಹೊರಟುಹೋದರು. ಅಣ್ಣ ಕುಂಟುತ್ತ ಗೋಲಿನ ಕಡೆ ಹೋದ, ಕಂಬಕ್ಕೆ ಕಟ್ಟಿದ್ದ ಬಲೆ ಬಿಚ್ಚತೊಡಗಿದ. ಅದು ನಮ್ಮ ಅಪ್ಪನ ಹಳೆಯ ಮೀನುಬಲೆ. ಆಟದ ದಿನ ಅಣ್ಣನೇ ತಂದು ಕಟ್ಟುತ್ತಿದ್ದ, ಅಣ್ಣನೇ ಬಿಚ್ಚಿ ಒಯ್ಯುತ್ತಿದ್ದ. ಆ ಸಂಜೆ ಗಂಟು ಬಿಚ್ಚಲು ಅವನಿಗೆ ಬಹಳ ಹೊತ್ತು ಹಿಡಿಯಿತು. ನಾವು ಹತ್ತಿರ ಹೋದೆವು.

ಬಲೆಯನ್ನು ಹೆಗಲಿಗೆ ಹಾಕಿಕೊಂಡು ಗೇಟಿನವರೆಗೆ ಬಂದವನು ನಿಂತ. ಬಾರಿನಿಂದ ಯಾರೋ ಕರೆದರು, "ಬಾರೋ ಕೋಚ್, ಇನ್ನು ನಿನಗೆ ಯಾರ ಹೆದರಿಕೆ!"

ಅಣ್ಣ ಆ ಕಡೆ ನೋಡಿದ. ಬೇಗ ಕಣ್ಣು ತೆಗೆಯಲಿಲ್ಲ. ಆಮೇಲೆ ವೈನಿಯ ಕಡೆ ತಿರುಗಿ, "ಬಲೆ ಹರಿದದೆ. ಮನೇಲಿ ದಾರ ಉಂಟೇನೇ?" ಎಂದ.

"ಉಂಟು, ಉಂಟು" ಎಂದಳು ವೈನಿ. ಇರಲಿಲ್ಲ. ಅವಳ ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು. ನೀವು ನಡೀರಿ ಎಂದು ಹೇಳಿ ನಾನು ಬಂದರಿನ ರಸ್ತೆಗೆ ಓಡಿದೆ. ಬಲೆದಾರದ ಅಂಗಡಿಯವನು ಬಾಗಿಲು ಎಳೆಯುತ್ತಿದ್ದ, ಪೂರ್ತಿ ಎಳೆದಿರಲಿಲ್ಲ. ದೇವರ ದಯೆಯನ್ನು ನಾನು ಹೀಗೆಯೇ ಎಣಿಸುವುದು. ಗೋಲಿ ಬರಲಿಲ್ಲ, ಚೆಂಡು ಕಂಬಿಗೆ ಬಡಿಯಿತು, ಕ್ಲಬ್ ಮುಗಿಯಿತು, ಆದರೆ ದಾರದ ಅಂಗಡಿ ಮುಚ್ಚಿರಲಿಲ್ಲ. ಹಿತ್ತಲ ಬಾಗಿಲಿನಿಂದ ಹೋಗಿ ದಾರದ ಉಂಡೆಯನ್ನು ವೈನಿಯ ಕೈಗಿತ್ತೆ. ಅಣ್ಣ ಜಗಲಿಯಲ್ಲಿ ಬಲೆ ಹರಡಿಕೊಂಡು ಕೂತಿದ್ದ. ನನಗೆ ಕೊನೆಯ ಬಸ್ಸು ಹಿಡಿಯಬೇಕಿತ್ತು. ಹೋಗಿ ಬರ್ತೆ ಎಂದೆ, ಅವನು ತಲೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಪೇಟೆಗೆ ಹೋಗಿ ಕಾಯಿನ್ ಬಾಕ್ಸಿನಿಂದ ಅವರ ಪಕ್ಕದ ಅಂಗಡಿಗೆ ಫೋನ್ ಮಾಡಿ ವೈನಿಯನ್ನು ಕರೆಸಿದೆ.

"ಕೆಲಸಕ್ಕೆ ಹೋಗ್ಲಿಲ್ಲ. ಬಲೆ ಹೊಲೀತಾ ಕೂತಿದ್ದಾರೆ" ಎಂದಳು.

"ಇನ್ನೂ? ಅಷ್ಟು ಹರಿದಿತ್ತಾ?"

ವೈನಿ ದನಿ ಇಳಿಸಿ ಹೇಳಿದಳು, "ಹರಿದದ್ದು ನಿನ್ನೆಯೇ ಆತು. ಈಗ ಚಲೋ ಇದ್ದ ಗಂಟು ಬಿಚ್ಚಿ ಬಿಚ್ಚಿ ಮತ್ತೆ ಕಟ್ಟತಿದ್ದಾರೆ. ನಾ ಏನೂ ಹೇಳ್ಲಿಲ್ಲ."

"ಹೇಳಬೇಡ" ಎಂದೆ.

ಮನೆಗೆ ಬಂದು ಕೈಕಾಲು ತೊಳೆದು ದೇವರ ಮುಂದೆ ದೀಪ ಹಚ್ಚಿದೆ. ಸೋಮವಾರ, ಉಪವಾಸ. ಕ್ಲಬ್ಬು ಉಳಿಸು ಎಂದು ಕೇಳಲಿಲ್ಲ, ಅಧ್ಯಕ್ಷರಿಗೆ ಬುದ್ಧಿ ಕೊಡು ಎಂದೂ ಕೇಳಲಿಲ್ಲ. ಕೇಳುವ ಮಾತನ್ನು ಸರಿಯಾಗಿ ಕೇಳಬೇಕೆಂದು ಹಿಂದಿನ ದಿನವಷ್ಟೇ ಕಲಿತಿದ್ದೆ. ಎರಡು ಸಲ ಮನಸ್ಸಿನಲ್ಲೇ ಹೇಳಿ ನೋಡಿಕೊಂಡು, ಆಮೇಲೆ ಬಾಯಿಬಿಟ್ಟು ಕೇಳಿದೆ. ತಂದೆ, ಆ ಬಲೆ ಬೇಗ ಮುಗಿಯದಿರಲಿ.