ಶಂಕರನ ಹೊಸ ದನಿಯ ಜೋಗುಳ

ನಲವತ್ತು ಸಾವಿರದ ಬಣ್ಣದ ತೊಟ್ಟಿಲು. ಕಲಘಟಗಿಯ ನನ್ನ ಅಂಗಡಿಯಲ್ಲಿ ಕೊಂಡರೆ ಮನೆಗೇ ಬಂದು ಜೋಗುಳ ಹಾಡುವುದು ಪುಕ್ಕಟೆ. ಹಾಡುವವನು ಶಂಕರ, ಹೆಣ್ಣಾಗಿ ಹುಟ್ಟಿ ಗಂಡಾದವನು. ಹಾರ್ಮೋನ್ ಇಂಜೆಕ್ಷನ್ ಶುರುವಾದ ಮೇಲೆ ಅವನ ಸಣ್ಣ ದನಿ ಒಡೆದು ಟ್ರ್ಯಾಕ್ಟರಿನಷ್ಟು ದಪ್ಪಗಾಗಿತ್ತು. ಬಸುರಿಯರ ಕುಬಸಕ್ಕೆ, ಮದುವೆಗೆ ಹಾಡಲು ಕರೆಯುತ್ತಿದ್ದವರೂ ಕರೆಯುವುದು ಬಿಟ್ಟಿದ್ದರು.

ಮೊರಬ ಊರಿನ ಒಂದು ಮನೆಯಲ್ಲಿ ತೊಟ್ಟಿಲು ಇಳಿಸಿದೆವು. ಕೂಸಿನ ಅಜ್ಜಿ ಅವನ ಮೀಸೆ ನೋಡಿ, "ಹೆಣ್ಮಗಳು ಹಾಡ್ಲಿಲ್ಲಂದ್ರ ತೊಟ್ಟಿಲಾ ತಿರುಗಿ ಒಯ್ರಿ, ಸಾವಕಾರ್ರ" ಅಂದಳು.

"ಒಂದ್ ಪದಾ ಕೇಳಬೇ ಯವ್ವಾ. ಕೂಸು ಮಲಗ್ಲಿಲ್ಲಂದ್ರ ತೊಟ್ಟಿಲಾ ನಾನ ಹೊತ್ಕೊಂಡು ಹೋಗ್ತೀನಿ" ಅಂದ ಶಂಕರ.

ತೊಟ್ಟಿಲು ನನ್ನದು, ಪಣ ಅವನದು!

ಮೇಲಿನ ಸ್ವರಕ್ಕೆ ಗಂಟಲು ಕೈಕೊಟ್ಟಿತು. ಪದವನ್ನೇ ಕೆಳಗಿಳಿಸಿ ಗುಂಯ್ ಅಂತ ಹಾಡಿದ. ಕೂಸು ಕಣ್ಣು ಪಿಳಿಪಿಳಿ ಬಿಡುತ್ತ ಕಾಲು ಝಾಡಿಸಿತು. ಕೆಟ್ಟೆವು ಅಂದುಕೊಳ್ಳುವಾಗ ಬಾಜೂ ಖುರ್ಚಿಯಿಂದ ಗೊರಕೆ ಬಂತು. ಕೂಸಿನ ಅಜ್ಜ ಮಲಗಿಬಿಟ್ಟಿದ್ದ.

ಅಜ್ಜಿ ಬಾಯಿಗೆ ಸೆರಗು ಹಿಡಿದಳು. "ಮುಂಜಾನಿಂದ ಸಂಜೀತನಕಾ ವಟಾವಟಾ ಅಂತಾನ್ರಿ ಈ ಮುದುಕ. ಇವನ ಬಾಯಿ ಮುಚ್ಚಿದ್ದು ಇವತ್ತ ನೋಡಿದೆ. ಶಂಕ್ರಣ್ಣಾ, ನಾಳೆನೂ ಬಾರಪಾ!"

ತೊಟ್ಟಿಲು ಅಲ್ಲೇ ಉಳಿಯಿತು. ಶಂಕರನಿಗೆ ದಿನಾ ಮಧ್ಯಾಹ್ನದ ಕೆಲಸ ಸಿಕ್ಕಿತು. ನನಗೆ, ಅಜ್ಜನ ಅಳತೆಯ ಒಂದು ತೂಗುಮಂಚದ ಆರ್ಡರು.