ಕುರ್ಚಿ ಹೇಳಿದ ಚಾಡಿ

ನಮ್ಮ ಬೆತ್ತದಕ್ಕ ಊರಿನ ದೊಡ್ಡ ಮನುಷ್ಯರನ್ನೆಲ್ಲ ಬಲ್ಲಳು, ಆದರೆ ಹಿಂಬದಿಯಿಂದ. ಹುಟ್ಟಿನಿಂದಲೇ ಕಣ್ಣು ಕಾಣದ ಅವಳ ಕಸುಬು, ಜೋತುಬಿದ್ದ ಕುರ್ಚಿಗಳಿಗೆ ಹೊಸ ಬೆತ್ತ ಹೆಣೆಯುವುದು. ಹಳೆಯ ಹೆಣಿಗೆ ಕೀಳುವ ಮೊದಲು ಅದರ ಮೇಲೊಮ್ಮೆ ಅಂಗೈ ಆಡಿಸುತ್ತಾಳೆ. ಯಾರು ಎಡಕ್ಕೆ ವಾಲುತ್ತಾರೆ, ಯಾರ ಹಿಂಜೇಬಿನಲ್ಲಿ ಬೀಗದ ಕೈಗೊಂಚಲಿದೆ, ಎಲ್ಲವೂ ಆ ತಗ್ಗುಗಳಲ್ಲಿ ಬರೆದಿರುತ್ತದೆ.

ಇಂಥ ಮಹಾವಿದ್ವಾಂಸೆಯ ಕೂಲಿ ಮಾತ್ರ ನೇರವಾಗಿ ಅಣ್ಣನ ಜೇಬು ಸೇರುತ್ತಿತ್ತು. “ನಿಂಗೆ ಕಾಣಲ್ಲ, ನಾನು ನೋಡ್ಕೋತೀನಿ” ಎನ್ನುತ್ತಿದ್ದ. ನೋಡಿಕೊಳ್ಳುತ್ತಲೂ ಇದ್ದ, ಮುಖ್ಯವಾಗಿ ತನ್ನನ್ನು. ಅವಳು ಗುಲಾಬಿ ಸೋಪು ಕೇಳಿದರೆ ಆಸ್ಪತ್ರೆ ವಾಸನೆಯ ಕೆಂಪು ಸೋಪು ತಂದುಕೊಡುತ್ತಿದ್ದ.

ಒಂದು ದಿನ ಸರ್ಕಾರಿ ಕಚೇರಿಯಿಂದ ನಲವತ್ತು ಕುರ್ಚಿಗಳ ಕರೆ ಬಂತು. ಈ ಒಪ್ಪಂದ ತನ್ನ ಹೆಸರಿಗೇ ಆಗಬೇಕು, ಹಣ ತನ್ನ ಖಾತೆಗೇ ಬೀಳಬೇಕು ಎಂದು ಹಟ ಹಿಡಿದ ಅಕ್ಕ ತಲೆ ಬಾಚಿಕೊಂಡು ಕಚೇರಿಗೆ ದಂಡಯಾತ್ರೆ ಹೊರಟಳು. ಅಣ್ಣ ಹಿಂದೆಯೇ ಬಂದ.

“ಕೆಲಸ ನೀನೇ ಮಾಡಮ್ಮ,” ಎಂದರು ಸಾಹೇಬರು. “ಸಹಿ ನಿಮ್ಮಣ್ಣ ಹಾಕ್ಲಿ. ಕಣ್ಣು ಕಾಣದವರ ಸಹಿ ತಗೊಂಡ್ರೆ ನಾಳೆ ನನ್ನ ಕುರ್ಚಿಗೇ ಸಂಚಕಾರ.”

ಅಣ್ಣ ಆಗಲೇ ಪೆನ್ನು ತೆಗೆದಿದ್ದ. ಅವನು ಜನ್ಮದಲ್ಲಿ ಯಾವ ಕೆಲಸಕ್ಕೂ ಅಷ್ಟು ಚುರುಕಾಗಿದ್ದಿಲ್ಲ.

“ಆಯ್ತು ಸಾರ್, ಮೊದ್ಲು ಕುರ್ಚಿ ನೋಡ್ತೀನಿ” ಎಂದು ಅಕ್ಕ ಹೊರಗಿನ ಪಡಸಾಲೆಗೆ ನಡೆದಳು. ಸಾಲಾಗಿಟ್ಟ ಕುರ್ಚಿಗಳಲ್ಲಿ ಮೊದಲನೆಯದನ್ನು ಸವರಿದಳು. “ಇವ್ರು ಬರೀ ಅಂಚಲ್ಲಿ ಕೂರ್ತಾರೆ. ಯಾವಾಗ ಕರೀತಾರೋ ಅಂತ ಜೀವ ಕೈಲಿ.”

“ಲೋ, ನಿಂದೇ ಕಣೋ!” ಗುಮಾಸ್ತರು ಜವಾನನನ್ನು ತಿವಿದರು.

“ಇದ್ರಲ್ಲಿ ಬೆತ್ತ ಸವೆದೇ ಇಲ್ವಲ್ಲ. ಇವ್ರು ಕೂರೋದು ಎಲ್ಲಿ?”

“ಎದುರಿನ ಟೀ ಅಂಗಡೀಲಿ ಕೇಳಕ್ಕ!”

ನಗು ಕೇಳಿ ಸಾಹೇಬರೂ ಬಂದು ನಿಂತರು. ಅಕ್ಕನ ಕೈ ಆಗ ಕೈಯೊರಗುಗಳಿದ್ದ ಸಿಂಹಾಸನವೊಂದರ ಮೇಲಿತ್ತು.

“ಅಬ್ಬಾ, ಭಾರೀ ಕುರ್ಚಿ! ಮುಂದೆಲ್ಲ ಹೊಸದರ ಥರ ಇದೆ, ಹಿಂದೆ ಗುಂಡಿ. ತಲೆ ಒರಗಿಸೋ ಕಡೆ ಎಣ್ಣೆ ಜಿಡ್ಡು. ಊಟ ಆದ್ಮೇಲೆ ಇವ್ರು...”

“ಸಾಕಮ್ಮ, ಸಾಕು!” ಸಾಹೇಬರ ದನಿ ಕೀರಲಾಯಿತು.

“ಕಣ್ಣು ಕಾಣದವಳು ಸಾರ್, ತಪ್ಪಿರಬಹುದು. ಇನ್ನೊಂದ್ಸಲ ಮುಟ್ಟಿ, ಗಟ್ಟಿಯಾಗಿ ಹೇಳ್ಲಾ?”

“ಕಾಗದ ತನ್ರೀ!”

ಗುಮಾಸ್ತನೊಬ್ಬ ಷರತ್ತುಗಳನ್ನು ಓದಿ ಹೇಳಿದ. ಅಕ್ಕ ಚೀಲದಿಂದ ಉದ್ದಕ್ಕೆ ಕಿಂಡಿ ಕೊರೆದ ರಟ್ಟು ತೆಗೆದು, ಸಹಿಯ ಜಾಗದ ಮೇಲಿಡಿಸಿಕೊಂಡಳು. ತಿಂಗಳುಗಟ್ಟಲೆ ಆ ಕಿಂಡಿಯೊಳಗೆ ಹೆಸರು ಬರೆದು ಬರೆದು ಕೈ ಪಳಗಿಸಿದ್ದಳು.

“ಅಣ್ಣ, ಹೇಗೂ ತೆಗೆದಿದ್ದೀಯಲ್ಲ, ಆ ಪೆನ್ನು ಕೊಡು.”

ಕೊಟ್ಟ. ಸಹಿ ಗೆರೆ ತಪ್ಪದೆ ಕೂತಿತು.

“ಮತ್ತೆ ನಾನೇನ್ ಮಾಡ್ಲಿ?” ಎಂದ ಅಣ್ಣ.

“ನಲವತ್ತು ಕುರ್ಚಿ ಇವೆ, ಹೊರು. ಕೂಲಿ ಕೊಡ್ತೀನಿ.”

ಹಣ ಖಾತೆಗೆ ಬಿದ್ದ ದಿನ ಅಕ್ಕ ಯಾರನ್ನೂ ಕೇಳದೆ ಗುಲಾಬಿ ಸೋಪು ಕೊಂಡಳು. ಒಂದಲ್ಲ, ಎರಡು. ಎರಡನೆಯದನ್ನು ಅಣ್ಣನ ಮಡಿಲಿಗೆ ಎಸೆದಳು.

“ತಗೋ. ಕುರ್ಚಿ ಹೊತ್ತು ಹೊತ್ತು ನಾರ್ತಿದ್ದೀಯ.”